ಮಾವನವರ ಕಿಸೆಯ ಬ್ಯಾಟ್ರಿ

ನಮ್ಮ ಮಾವನವರ ಅಂಗಿಯ ಎಡಗಡೆಯ ಕಿಸೆ ಹಾಡಹಗಲಲ್ಲೇ ಬೆಳಗುತ್ತಿತ್ತು. ತೆಳುವಾದ ಬಿಳಿ ಬಟ್ಟೆಯ ಹಿಂದಿನಿಂದ ಬೆಳಕು ಮೇಲಕ್ಕೆ ಹಾಯ್ದು, ಅವರ ಗದ್ದದ ಕುರುಚಲನ್ನೂ ಮೂಗಿನ ಹೊಳ್ಳೆಗಳನ್ನೂ ಹೊಳ್ಳೆಯೊಳಗಿನ ಕೂದಲನ್ನೂ ಬಂದವರಿಗೆಲ್ಲ ತೋರಿಸುತ್ತಿತ್ತು. ಪೆನ್ನು ತೆಗೆಯುವಾಗ ಪಕ್ಕದಲ್ಲಿದ್ದ ಟಾರ್ಚಿನ ಗುಂಡಿ ಒತ್ತಿಹೋಗಿರುತ್ತಿತ್ತು, ಅಷ್ಟೇ. ಅವರಿಗೊಬ್ಬರಿಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ. ಎದುರುಮನೆಯ ಮರಾಠಿ ಯಜಮಾನರು ತಮ್ಮ ಗೇಟಿನಿಂದಲೇ ಕೂಗುತ್ತಿದ್ದರು: "ಕಾಕಾ, ಖಿಸಾ ಪೇಟ್ಲಾ!" ಕಿಸೆಗೆ ಬೆಂಕಿ ಬಿದ್ದಿದೆ ಎಂದು ಅರ್ಥ. ಮಾವನವರು ಎದೆಯ ಮೇಲೆ ಒಂದು ಏಟು ಹಾಕಿಕೊಳ್ಳುತ್ತಿದ್ದರು. ಬೆಂಕಿ ಆರುತ್ತಿತ್ತು.

ಅವರು ಮೂಲತಃ ಭಾಲ್ಕಿ ಕಡೆಯವರು. ಸಂಭಾಜಿನಗರದಲ್ಲಿ ಮನೆ ಮಾಡಿಕೊಂಡು ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಕತ್ತಲೆಯ ಕಪಾಟುಗಳಲ್ಲಿ ನಟ್ಟು ಬೋಲ್ಟು ಹುಡುಕಿ ಹುಡುಕಿ ಕೈಗೆ ಟಾರ್ಚು ಅಂಟಿಕೊಂಡಿತ್ತು. ನಿವೃತ್ತರಾದ ಮೇಲೆ ಇಡೀ ಲೋಕವನ್ನೇ ತಮ್ಮ ಸ್ಟೋರು ಎಂದುಕೊಂಡರು. ಸಂತೆಯಲ್ಲಿ ಬದನೆಕಾಯಿಯ ತೂತಿಗೆ ಬೆಳಕು ಬಿಟ್ಟು ಹುಳ ಮನೆಯಲ್ಲಿದೆಯೋ ಇಲ್ಲವೋ ವಿಚಾರಿಸುತ್ತಿದ್ದರು. ಯಾರಾದರೂ ಕೆಮ್ಮಿದರೆ ಸಾಕು, "ಬಾಯಿ ತೆಗೀರಿ ನೋಡೋಣ" ಎಂದು ಎದ್ದು ಬರುತ್ತಿದ್ದರು. ನೋಡಿದ ಮೇಲೆ ಹೇಳುತ್ತಿದ್ದುದು ಯಾವಾಗಲೂ ಒಂದೇ: "ಕೆಂಪಾಗ್ಯದ." ಗಂಟಲು ಇನ್ನೇನು ಹಸಿರಾಗಿರುತ್ತದೆಯೇ?

ಒಮ್ಮೆ ನಾಸಿಕದ ಬಸ್ಸಿನಲ್ಲಿ ನಿಂತು ಬರುತ್ತಿದ್ದಾಗ ಕಿಸೆ ಹೊತ್ತಿಕೊಂಡಿತು. ಎದೆಯ ಎಡಭಾಗದಲ್ಲಿ ಮಿನುಗುವ ಬೆಳಕನ್ನು ಕಂಡ ಹೆಂಗಸೊಬ್ಬರು ಅದು ಹೃದಯಕ್ಕೆ ಹಾಕಿದ ಯಾವುದೋ ಯಂತ್ರವೆಂದು ಗಾಬರಿಯಾಗಿ ತಮ್ಮ ಸೀಟು ಬಿಟ್ಟುಕೊಟ್ಟರು. ಮಾವನವರು ಬಾಯಿ ಮುಚ್ಚಿಕೊಂಡು ಕುಳಿತರು. ಆಮೇಲೆ ಬಸ್ಸು ಹತ್ತುವ ಮೊದಲು ತಾವೇ ಗುಂಡಿ ಒತ್ತಿಕೊಳ್ಳುತ್ತಿದ್ದರೆಂದು ಅತ್ತೆ ಹೇಳುತ್ತಾರೆ. ನಾನು ಪೂರ್ತಿ ನಂಬುತ್ತೇನೆ.

ಅವರ ಬಾಯಲ್ಲಿ ಅದು ಟಾರ್ಚಲ್ಲ, ಬ್ಯಾಟ್ರಿ. ಈ ಒಂದು ಶಬ್ದದಿಂದ ನನ್ನ ಮಾನ ಹೋಯಿತು.

ನಾನು ನಾಸಿಕದಲ್ಲಿ ಹುಟ್ಟಿ ಬೆಳೆದವನು, ಸಿನ್ನರ್‌ನಲ್ಲಿ ನೌಕರಿ. ನಮ್ಮ ಮನೆಯಲ್ಲಿ ಕನ್ನಡವೆಂದರೆ ಅಪ್ಪ ಅವ್ವ ಜಗಳವಾಡುವ ಭಾಷೆ. ಬೈಗುಳಗಳಷ್ಟೇ ನನಗೆ ಚೆನ್ನಾಗಿ ಬರುತ್ತಿದ್ದವು. ಹೆಣ್ಣು ನೋಡಲು ಸಂಭಾಜಿನಗರಕ್ಕೆ ಹೋದ ಸಂಜೆ, ಅವಲಕ್ಕಿ ಚೂಡಾದ ತಟ್ಟೆ ಕೈಗೆ ಬಂದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಾವನವರ ಟಾರ್ಚು ಎಲ್ಲೋ ಒಳಗೆ ಉಳಿದಿತ್ತು. ಕತ್ತಲಲ್ಲಿ ಅವರ ದನಿ ಕೇಳಿತು:

"ನಿಮ್ಮ ಹತ್ರ ಬ್ಯಾಟ್ರಿ ಅದ ಏನ್ರಿ?"

ನಾನು ಫೋನು ತೆಗೆದು ನೋಡಿ ವಿನಯದಿಂದ ಹೇಳಿದೆ: "ಅದರಿ. ಹನ್ನೆರಡು ಪರ್ಸೆಂಟ್."

ಫೋನನ್ನು ಮತ್ತೆ ಕಿಸೆಯೊಳಗೆ ಇಟ್ಟುಕೊಂಡೆ. ಕತ್ತಲೆ ಹಾಗೇ ಉಳಿಯಿತು. ಒಳಗಿನಿಂದ ಹುಡುಗಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಆ ನಗೆಯಿಂದಾಗಿಯೇ ಮದುವೆ ಕುದುರಿತು, ಅದು ಬೇರೆ ಮಾತು. ಆದರೆ ಮಾವನವರ ಪಾಲಿಗೆ ನಾನು ಅಂದಿನಿಂದ ಅಳಿಯನಲ್ಲ. ನಾನು ಬಾಗಿಲಿಗೆ ಬಂದರೆ ಒಳಗೆ ಕೂಗುತ್ತಿದ್ದರು: "ಹನ್ನೆರಡು ಬಂದ್ರು, ಛಾ ಇಡು!" ಆ ಕಡೆ ಅಳಿಯನನ್ನು ಗೌರವದಿಂದ 'ಜಾವಯಿಬಾಪು' ಎನ್ನುತ್ತಾರೆ. ಎದುರುಮನೆಯವರು ಕೂಡ ನನ್ನನ್ನು ಹಾಗೆ ಕರೆಯುತ್ತಿದ್ದರು. ಮಾವನವರ ಬಾಯಿಂದ ಆ ಮಾತು ಒಮ್ಮೆ ಬೀಳಲಿ ಎಂದು ನಾನು ಎಷ್ಟು ಹಂಬಲಿಸಿದೆನೋ ಹೇಳಲು ನಾಚಿಕೆಯಾಗುತ್ತದೆ. ಅವರ ಮುಂದೆ ತಪ್ಪಿಲ್ಲದೆ ಮಾತನಾಡಬೇಕೆಂಬ ಹಠಕ್ಕೇ ಕನ್ನಡ ಓದಲು ಬರೆಯಲು ಕಲಿತೆ.

ಅವಕಾಶ ತಾನಾಗಿ ಬಂತು. ಒಂದು ದಿನ ಅವರ ಹಳೆಯ ಟಾರ್ಚು ನೀರಿನ ಟಾಕಿಯೊಳಗೆ ಬಿತ್ತು. ಮಾವನವರು ಫೋನು ಮಾಡಿದರು: "ನೀವು ನಾಸಿಕದಾಗ ಇರ್ತೀರಿ. ಕಿಸೆದಾಗ ಕೂಡೋ ಅಂಥದ್ದು ಒಂದು ಛಲೋ ಬ್ಯಾಟ್ರಿ ನೋಡ್ಕೊಂಡು ಬರ್ರಿ. ದಿನಾ ಹೊಂಟಾಗ ಬೇಕಾಗ್ತದ."

ನನ್ನ ಹೆಂಡತಿ ಎಚ್ಚರಿಸಿದಳು. "ಇದು ನಿಮ್ಮ ಪರೀಕ್ಷಾ. ಪಪ್ಪಾ ಬ್ಯಾಟ್ರಿ ಕೇಳಲಿಕ್ಕತ್ತಿಲ್ಲ."

ನಾನು ಓದದ ವಿಷಯವಿಲ್ಲ. ರಾತ್ರಿ ಮಗು ಮಲಗಿದ ಮೇಲೆ ಟಾರ್ಚುಗಳ ವಿಡಿಯೋ ನೋಡಿದೆ. ಕೊನೆಗೆ ಹೆಬ್ಬೆರಳಿನ ಗಾತ್ರದ ಒಂದನ್ನು ಆರಿಸಿದೆ. ಕಿಸೆಗೆ ಸಿಕ್ಕಿಸಲು ಕ್ಲಿಪ್ಪು, ಫೋನಿನ ಚಾರ್ಜರಿನಿಂದಲೇ ಚಾರ್ಜು, ಒಂದೇ ಗುಂಡಿ. ಮಾವನವರು ಅದನ್ನು ಅಂಗೈಯಲ್ಲಿ ತೂಗಿದರು. ಕಿಸೆಯಲ್ಲಿಟ್ಟು ಬಗ್ಗಿ ನೋಡಿದರು, ಜಾರಲಿಲ್ಲ. ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಲುಂಗಿ ಬಿಗಿದುಕೊಂಡರು, ಅದೂ ಸರಿಹೋಯಿತು. ಆಮೇಲೆ ಗೋಡೆಯ ಕಡೆಗೆ ಹಚ್ಚಿದರು.

"ಮಂದ ಅದರಿ," ಎಂದರು.

ಎರಡನೆಯದು ಇನ್ನೂ ಪ್ರಖರ. ಅದರಲ್ಲಿ ಗುಂಡಿ ಒತ್ತಿ ಹಿಡಿದರೆ ಪಕಪಕ ಮಿಂಚುವ ಸೌಕರ್ಯವೂ ಇತ್ತು. "ಇದೇನ್ರಿ, ಲಗ್ನದ ಡಿಜೆ?" ಎಂದು ಹಿಂದಿರುಗಿಸಿದರು. "ಮತ್ತ ಇದೂ ಮಂದೇ ಅದ." ಮೂರನೆಯದನ್ನು ಹಚ್ಚಿದಾಗ ಬೆಳಕು ರಸ್ತೆ ದಾಟಿ ಎದುರುಮನೆಯವರ ಊಟದ ತಟ್ಟೆಯ ಮೇಲೆ ಬಿತ್ತು. ಅವರು "ಅಯ್ಯೋ ಕಾಕಾ, ಡೋಳೇ ಗೇಲೇ!" ಎಂದು, ಕಣ್ಣೇ ಹೋದವೆಂದು, ಮುಖ ಮುಚ್ಚಿಕೊಂಡು ಅರಚಿದರು. ಮಾವನವರು ಟಾರ್ಚನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ದೇವರ ಮನಿ ಹಣತಿಗೆ ಇದಕ್ಕಿಂತ ಬೆಳಕು ಅದ. ನಿಮಗ ಯಾರೋ ಟೋಪಿ ಹಾಕ್ಯಾರ, ಹನ್ನೆರಡು."

ನಾನು ಸಿಟ್ಟಿನಿಂದ ಕುದಿದೆ. ನನ್ನನ್ನು ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದುಕೊಂಡೆ. ಅತ್ತೆಯವರ ಮೇಜಿನ ಡ್ರಾಯರಿನಲ್ಲಿ ತಿರಸ್ಕೃತ ಟಾರ್ಚುಗಳು ಸಾಲಾಗಿ ಮಲಗಿದವು.

ಆಮೇಲೊಂದು ಮಳೆಗಾಲದ ಸಂಜೆ ನಾವು ಅವರ ಮನೆಯಲ್ಲಿದ್ದೆವು. ನನ್ನ ರೇನ್‌ಕೋಟನ್ನು ಬಾಗಿಲ ಹತ್ತಿರದ ಗೂಟಕ್ಕೆ ತೂಗುಹಾಕಿದ್ದೆ. ದೀಪವೂ ಉರಿಯುತ್ತಿತ್ತು. ಮಾವನವರು ಒಳಗಿನಿಂದ ಬಂದವರು ಆ ರೇನ್‌ಕೋಟಿನ ಮುಂದೆ ನಿಂತು ಕೈ ಮುಗಿದರು. "ಬರ್ರಿ ಬೀಗ್ರ, ಬರ್ರಿ! ತೊಯ್ಸಿಕೊಂಡೀರಲ್ಲ. ಕೂಡ್ರಿ!" ಕುರ್ಚಿ ಎಳೆದು ಹಾಕಿದರು. ನನ್ನ ಅಪ್ಪನೆಂದು ತಿಳಿದಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೂ ನಕ್ಕರು, ತಾವೇ ತಮಾಷೆ ಮಾಡಿದವರಂತೆ. ಆದರೆ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದರಿಂದ ರೇನ್‌ಕೋಟಿನ ತೋಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅದನ್ನು ನೋಡಿ ನನ್ನ ನಗೆ ನಿಂತಿತು. ದೋಷ ಟಾರ್ಚುಗಳದ್ದಲ್ಲ.

ಕಣ್ಣು ತೋರಿಸೋಣ ಎಂದರೆ ಹರಿಹಾಯ್ದರು. "ಕಣ್ಣಿಗೇನ್ ಧಾಡಿ ಆಗ್ಯದ? ನೀವು ಖೊಟ್ಟಿ ಮಾಲ್ ತರ್ತೀರಿ, ಬೈಸಿಕೊಳ್ಳೋದು ನನ್ನ ಕಣ್ಣೇನು?" ಅತ್ತೆ ಹೇಳಿದರೂ ಇಲ್ಲ, ಮಗಳು ಅತ್ತರೂ ಇಲ್ಲ. ಕುರುಡನಾಗುತ್ತಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಜಗತ್ತಿನ ಟಾರ್ಚುಗಳೆಲ್ಲ ಕೆಟ್ಟಿವೆ ಎನ್ನುವುದು ಅವರಿಗೆ ಸುಲಭವಾಗಿತ್ತು. ನಾನು ಬೇರೆ ದಾರಿ ಹಿಡಿದೆ. "ಮಾವಾರ, ನಾಸಿಕದಾಗ ಒಬ್ರು ಇದ್ದಾರ. ಅವರ ಹತ್ರ ಅಸಲಿ ಬ್ಯಾಟ್ರಿ ಅದ. ಆದ್ರ ನೀವೇ ಖುದ್ದಾಗಿ ಬಂದು ನೋಡಬೇಕಾಗ್ತದ," ಎಂದೆ. ಮರುದಿನವೇ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು.

ಕಣ್ಣಿನ ಡಾಕ್ಟರ ಕೋಣೆಯಲ್ಲಿ ಕೂರಿಸಿದಾಗ ಮಾವನವರು ಅದನ್ನು ಅಂಗಡಿಯ ಒಳಕೋಣೆ ಎಂದುಕೊಂಡಿದ್ದರು. ಡಾಕ್ಟರಮ್ಮ ಪೆನ್ನಿನಂಥ ಟಾರ್ಚು ತೆಗೆದು ಅವರ ಕಣ್ಣೊಳಗೆ ನೇರವಾಗಿ ಬಿಟ್ಟರು. ಮಾವನವರು ಥಟ್ಟನೆ ಆಕೆಯ ಮಣಿಕಟ್ಟು ಹಿಡಿದರು.

"ಹೀಚ್ ಪಾಹಿಜೇ! ಹೀ ಬ್ಯಾಟರಿ ಕುಠೂನ್ ಘೇತ್ಲಿ, ತಾಯೀ?"

ಇದೇ ಬೇಕು, ಎಲ್ಲಿ ಕೊಂಡೆ ತಾಯೀ ಎಂದು. ಡಾಕ್ಟರಮ್ಮ ನಗುತ್ತ ಕೈ ಬಿಡಿಸಿಕೊಂಡು ಹೇಳಿದರು: ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಕಷ್ಟ.

ವಾಪಸು ಬರುವಾಗ ಆಟೋದಲ್ಲಿ ಅವರು ಟಾರ್ಚಿಲ್ಲದ ಕಿಸೆಯನ್ನು ತಡವಿಕೊಳ್ಳುತ್ತ ಕುಳಿತರು. ಆಮೇಲೆ ಹೊರಗೆ ನೋಡುತ್ತಲೇ ಅಂದರು: "ನೀವು ನನಗ ಮೋಸ ಮಾಡಿದ್ರಿ."

"ಹೌದ್ರಿ, ಮಾವಾರ."

"ಛಲೋ ಮಾಡಿದ್ರಿ. ಇವತ್ತಿಗೆ ನಲವತ್ತು."

ಎರಡೂ ಕಣ್ಣಿನ ಆಪರೇಷನ್ ಮುಗಿದ ಮೇಲೆ ಮನೆಗೆ ಬಂದವರೇ ಡ್ರಾಯರಿನ ಟಾರ್ಚುಗಳನ್ನೆಲ್ಲ ತರಿಸಿದರು. ನಾನು ಮೊಟ್ಟಮೊದಲು ತಂದಿದ್ದ ಹೆಬ್ಬೆರಳಿನದನ್ನು ಹಚ್ಚಿದರು. ಗೋಡೆ ಬೆಳಗಿತು. ಸುಣ್ಣದ ಬಿರುಕು, ಹಲ್ಲಿಯ ಬಾಲ, ಮೂಲೆಯ ಜೇಡರ ಬಲೆ, ಎಲ್ಲದರ ಮೇಲೂ ಬೆಳಕನ್ನು ನಿಧಾನವಾಗಿ ಓಡಿಸಿದರು. ನನ್ನ ಕಡೆ ತಿರುಗಿ ಗದರಿಸಿದರು: "ಇಂಥಾದ್ದು ಇತ್ತಂದ್ರ ಮೊದಲೇ ಯಾಕ ತರಲಿಲ್ಲ ನೀವು?"

ಮನೆ ಇಷ್ಟು ಹೊಲಸಾಗಿತ್ತೇ ಎಂದು ಕೇಳಿ ಅತ್ತೆಯಿಂದ ಬೈಸಿಕೊಂಡರು. ಬೆಳಕನ್ನು ನನ್ನ ಮುಖಕ್ಕೆ ಬಿಟ್ಟು, "ಹಿಂಗ ಇದ್ದೀರೇನು ನೀವು? ಇರ್ಲಿ," ಎಂದರು. ಆ 'ಇರ್ಲಿ' ನನಗೆ ಇಂದಿಗೂ ಅರ್ಥವಾಗಿಲ್ಲ.

ಆಮೇಲೆ ನನ್ನ ಅಂಕ ಏರುತ್ತ ಹೋಯಿತು. ಅವರಿಗೆ ಹಿಡಿಸುವಂತೆ ಬದನೆಕಾಯಿ ಆರಿಸಿದ್ದಕ್ಕೆ ಐದು ಸಿಕ್ಕಿತು. ಕನ್ನಡ ಪೇಪರನ್ನು ತಡವರಿಸದೆ ಓದಿದ್ದಕ್ಕೆ ಹತ್ತು. ಕಳೆದ ಸಂಕ್ರಾಂತಿಗೆ ಹೋದಾಗ ಎಳ್ಳು ಬೆಲ್ಲ ಕೈಗಿಟ್ಟು ಹೇಳಿದರು: "ತೊಂಬತ್ತೆಂಟಕ್ಕ ಬಂದೀರಿ, ಜಾವಯಿಬಾಪು. ಇಲ್ಲಿಗೆ ಸಾಕು. ಪೂರಾ ಚಾರ್ಜ್ ಆದ್ರ ಬ್ಯಾಟ್ರಿ ಉಬ್ಬತದ."

ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅದಾದ ಬೇಸಿಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾವು ಊರು ಮುಟ್ಟುವಷ್ಟರಲ್ಲಿ ಅವರಿಗೆ ಸ್ನಾನ ಮಾಡಿಸಿ, ಹೊಸ ಅಂಗಿ ತೊಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಲ್ಲಿ ಕೂತಂತೆಯೇ ಮಣ್ಣು ಮಾಡುವುದು. ಎತ್ತುವ ಹೊತ್ತಿಗೆ ಅತ್ತೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದರು:

"ಬ್ಯಾಟ್ರಿ ಅದ ಏನ್ರಿ?"

ಈ ಸಲ ನನಗೆ ಅರ್ಥವಾಯಿತು. ದಿಂಬಿನ ಕೆಳಗಿದ್ದ ಟಾರ್ಚನ್ನು ತಂದೆ. "ಒಳಗ ಕತ್ತಲಿ ಇರ್ತದ," ಎಂದರು ಅತ್ತೆ, ಯಾರೋ ಕೇಳಿದರೆಂಬಂತೆ. ಅದನ್ನು ಅವರ ಎಡಗಡೆಯ ಕಿಸೆಗೆ ಸಿಕ್ಕಿಸಿದೆ.

ಕುಣಿಯಲ್ಲಿ ಇಳಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಅಯ್ಯನವರು ಬಿಲ್ವಪತ್ರೆ ಹಾಕುವಾಗ ಯಾರದೋ ಕೈ ತಾಕಿರಬೇಕು. ಬಿಳಿ ಅಂಗಿಯ ಕಿಸೆ ಹೊತ್ತಿಕೊಂಡಿತು. ಗದ್ದ, ಮೂಗಿನ ಹೊಳ್ಳೆ, ಹಣೆಯ ವಿಭೂತಿ, ಎಲ್ಲ ಬೆಳಗಿದವು. ಅಯ್ಯನವರು ಆರಿಸಲೇ ಎನ್ನುವಂತೆ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಪಕ್ಕದಲ್ಲಿ ನಿಂತಿದ್ದ ಎದುರುಮನೆಯ ಯಜಮಾನರು ರೂಢಿಯ ಮೇಲೆ ಬಾಯಿ ತೆರೆದರು. "ಕಾಕಾ, ಖಿಸಾ..." ಎಂದರು. ಆಮೇಲೆ ತಮ್ಮ ಎದೆಯ ಮೇಲೆ ತಾವೇ ಅಂಗೈ ಇಟ್ಟುಕೊಂಡರು.