ದರ್ಜಿ ಅತ್ತೆಯ ಪ್ರಾರ್ಥನಾ ಗುಂಪು

ನಮ್ಮ ಅತ್ತೆ ಬಟ್ಟೆ ಹೊಲಿಯುವವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗ ಮಾತ್ರ ಸುಮ್ಮನಿರುತ್ತಾಳೆ. ಅಷ್ಟು ಹೊತ್ತು ಮನೆಯವರಿಗೆಲ್ಲ ನೆಮ್ಮದಿ. ಚರ್ಚಿನ ವಾಟ್ಸಾಪ್ ಗುಂಪಿಗೆ ಅವಳೇ ಯಜಮಾನಿ. "ನಿಮಗೆ ಹೆದರದವರು ನಮ್ಮಲ್ಲಿ ಯಾರಿದ್ದಾರಮ್ಮ, ನೀವೇ ನೋಡ್ಕೊಳ್ಳಿ" ಎಂದು ಪಾದ್ರಿಗಳೇ ಒಪ್ಪಿಸಿದ್ದು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವಳೇ ನೂಲಿನ ಡಬ್ಬಿಗೆ ಫೋನು ಒರಗಿಸಿ, ಒಂದು ಕೀರ್ತನೆ ಓದಿ ರೆಕಾರ್ಡ್ ಮಾಡಿ ಗುಂಪಿಗೆ ಕಳಿಸುತ್ತಾಳೆ. ಹಾಸಿಗೆ ಹಿಡಿದ ಅಜ್ಜಿಯರು ಅದಕ್ಕಾಗಿ ಕಾಯುತ್ತಿರುತ್ತಾರೆ. ಕೆಲವು ಸಲ ಕೀರ್ತನೆಯ ನಡುವೆ, "ತೋಳು ಬಿಗಿಯಾಯ್ತಾ? ನಾಳೆ ಬಾರಮ್ಮ" ಎಂಬುದೂ ಸೇರಿಹೋಗುತ್ತದೆ. ಅಜ್ಜಿಯರು ಅದಕ್ಕೂ ಆಮೆನ್ ಅನ್ನುತ್ತಾರಂತೆ.

ಈ ಗುಂಪಿಗೆ ಒಂದು ದಿನ ಬೇಕರಿಯಮ್ಮ ಸಂದೇಶ ಹಾಕಿದರು. ಒಳ್ಳೆಯ ಹೆಂಗಸು, ಆದರೆ ಬಾಯಿಗೆ ಬೀಗವಿಲ್ಲ. "ನಮ್ಮ ಮೀಸೆ ಮತ್ತೆ ಕುಡಿಯೋಕೆ ಶುರು ಮಾಡಿದ್ದಾನೆ. ಯಾರಿಗೂ ಹೇಳಬೇಡಿ, ಪ್ರಾರ್ಥನೆಗೆ ಮಾತ್ರ." ಇಡೀ ಸಭೆಗೇ ಕಳಿಸಿ ಯಾರಿಗೂ ಹೇಳಬೇಡಿ ಅನ್ನುವುದು! ಪ್ರಾರ್ಥನೆಯ ಹೆಸರಲ್ಲಿ ಡಂಗುರ ಸಾರುವುದು ನಮ್ಮವರ ಹಳೇ ಚಾಳಿ. ಫೋನು ಬಂದ ಮೇಲೆ ಅದಕ್ಕೆ ರೆಕ್ಕೆಪುಕ್ಕ ಬಂದಿದೆ, ಅಷ್ಟೆ.

ಮೀಸೆ ಅಂದರೆ ನಮ್ಮ ಎಲೆಕ್ಟ್ರಿಷಿಯನ್, ಚರ್ಚಿನಲ್ಲಿ ಹಾಡುಗಳಿಗೆ ಕೀಬೋರ್ಡ್ ನುಡಿಸುವವನು. ಕುಡಿತ ಬಿಟ್ಟು ನೆಟ್ಟಗಾಗಿದ್ದವನು ಒಮ್ಮೆ ಜಾರಿದ್ದ. ಅದನ್ನು ಅವನ ಹೆಂಡತಿ ಅಳುತ್ತಾ ಬೇಕರಿಯಮ್ಮನ ಹತ್ತಿರ ಹೇಳಿಕೊಂಡಿದ್ದಳು. ಸಂದೇಶದ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಮೀಸೆ ಗುಂಪು ಬಿಟ್ಟನೆಂಬ ಒಂದು ಸಾಲು ಬಂತು. ಭಾನುವಾರ ಕೀಬೋರ್ಡಿನ ಮುಂದಿನ ಕುರ್ಚಿ ಖಾಲಿ ಇತ್ತು.

ಅವನ ಹೆಂಡತಿ ಅತ್ತೆಯ ಅಂಗಡಿಗೆ ಬಂದು, "ಯಾವ ಮುಖ ಇಟ್ಕೊಂಡು ಬರ್ಲಿ ಅಂತಾರೆ ಅಕ್ಕ. ಹೀಗೇ ಮನೇಲಿ ಒಬ್ರೇ ಕೂತ್ರೆ ಮತ್ತೆ ಬಾಟ್ಲಿನೇ ಗತಿ" ಎಂದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅತ್ತೆ ಆ ಸಂದೇಶ ಅಳಿಸಿದಳು. ಓದಿದವರ ತಲೆಯಿಂದ ಅಳಿಸಲು ಯಾವ ಬಟನ್ನೂ ಇಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. "ಗುಂಪನ್ನೇ ಮುಚ್ಚಿಬಿಡು ಅತ್ತೆ, ಪೀಡೆ ತೊಲಗುತ್ತೆ" ಎಂದೆ.

"ಕತ್ತರಿ ಬೆರಳು ಕೊಯ್ತು ಅಂತ ಹೊಲಿಗೆ ಬಿಡ್ತೀನೇನೆ?" ಎಂದು ಗದರಿದಳು. ಫೋನು ಎತ್ತಿಕೊಂಡು ಗುಂಪಿಗೆ ಕಡ್ಡಿ ಮುರಿದ ಹಾಗೆ ಹೇಳಿದಳು: "ಇನ್ಮೇಲೆ ಇಲ್ಲಿಗೆ ಯಾರೂ ಇನ್ನೊಬ್ರ ನೋವು ತರಬೇಡಿ. ನಿಮ್ಮದಿದ್ರೆ ತನ್ನಿ. ನನ್ನಿಂದಲೇ ಶುರು ಮಾಡ್ತೀನಿ. ಸಿಟ್ಟು ಬಂದ್ರೆ ನನಗೆ ಗಂಡನೂ ಕಾಣಲ್ಲ, ಮಕ್ಕಳೂ ಕಾಣಲ್ಲ. ಎಲ್ರನ್ನೂ ಅಂದುಬಿಟ್ಟು ಆಮೇಲೆ ಮೆಷಿನ್ ಮುಂದೆ ಕೂತು ಅಳ್ತೀನಿ. ನನಗೋಸ್ಕರ ಪ್ರಾರ್ಥಿಸಿ."

ಅತ್ತೆ ಅಳುತ್ತಾಳೆಂದು ಪಕ್ಕದಲ್ಲೇ ಕೂತು ಗುಂಡಿ ಹಾಕುವ ನನಗೂ ಗೊತ್ತಿರಲಿಲ್ಲ. ಸಂಜೆಗೆ ಬೇಕರಿಯಮ್ಮನ ಉತ್ತರ ಬಂತು: "ನನ್ನ ಬಾಯಿ ಹಿಡಿತಕ್ಕೆ ಬರಲಿ ಅಂತ ಪ್ರಾರ್ಥಿಸಿ. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ." ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಪಾದ್ರಿಗಳು ಕೂಡ ತಮಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ ಎಂದು ಬರೆದರು.

ಮರುದಿನ ಅತ್ತೆ ಮೀಸೆಗೆ ಫೋನು ಮಾಡಿದಳು. "ಅಜ್ಜಿಯರಿಗೆ ನನ್ನ ಒಡಕು ಗಂಟಲು ಕೇಳಿ ಸಾಕಾಗಿದೆ ಕಣೋ. ದಿನಾ ಒಂದು ಹಾಡು ನುಡಿಸಿ ನನಗೆ ಕಳಿಸು, ಕೀರ್ತನೆ ಜೊತೆ ಹಾಕ್ತೀನಿ. ಮುಖ ತೋರಿಸೋದು ಬೇಡ, ಬೆರಳು ಸಾಕು."

"ಕೈ ನಡುಗುತ್ತೆ ಅಕ್ಕ."

"ನಡುಗಲಿ ಬಿಡು. ಆ ಅಜ್ಜಿಯರ ಕೈ ನಡುಗಲ್ವಾ?"

ಮೊದಲ ಹಾಡಿನಲ್ಲಿ ಎರಡು ಕಡೆ ತಪ್ಪಿತ್ತು. ಅತ್ತೆ ಹಾಗೇ ಕಳಿಸಿದಳು. ಅಂದಿನಿಂದ ದಿನಾ ಕೀರ್ತನೆಯ ಹಿಂದೆ ಹಾಡು ಬರತೊಡಗಿತು. ಒಂದು ಬೆಳಿಗ್ಗೆ ಅವನೇ, "ನನ್ನನ್ನ ಗುಂಪಿಗೆ ಸೇರಿಸಿ ಅಕ್ಕ" ಎಂದ. ಸೇರಿಸಿದ ಕೂಡಲೇ ಬರೆದ: "ನಿನ್ನೆ ಕುಡಿಯಲಿಲ್ಲ. ಇವತ್ತಿಗಾಗಿ ಪ್ರಾರ್ಥಿಸಿ."

ಅತ್ತೆ ಮೆಷಿನ್ ನಿಲ್ಲಿಸಿ ಕಾದಳು. ಈ ಸಲ ಯಾರೂ ಕೈಮುಗಿದ ಚಿತ್ರ ಹಾಕಲಿಲ್ಲ. ಎಂದೂ ಗುಂಪಿನಲ್ಲಿ ಮಾತಾಡದ, ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಧ್ವನಿ ಬಂತು: "ಆಮೆನ್ ಮಗನೇ. ನಾಳೆನೂ ಬಂದು ಹೇಳು, ಕಾಯ್ತಿರ್ತೀನಿ."