ಹಿಲ್ಕಾ ತಲೆಕೆಳಗು ಮಾಡಿದ ವೇಳಾಪಟ್ಟಿ

ಉತ್ತರ ಫಿನ್ಲೆಂಡಿನ ನಮ್ಮ ಹಳ್ಳಿಶಾಲೆಯ ಅಡುಗೆಮನೆಗೆ ಹಿಲ್ಕಾ ಮೊಯ್ಲನೆನ್ ಬಂದದ್ದು ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಂದ ಮೂವತ್ತೊಂದು ವರ್ಷ ಅವಳು ಅರವತ್ತು ಮಕ್ಕಳಿಗೆ ಬಿಸಿಯೂಟ ಬೇಯಿಸಿದಳು. ಸಾಲಿನ ಮುಂದೆ ದಿನವೂ ಒಂದು ಮಾದರಿ ತಟ್ಟೆ ಇಡುತ್ತಿದ್ದಳು: ಅರ್ಧ ಭಾಗ ತರಕಾರಿ, ಕಾಲು ಭಾಗ ಆಲೂಗಡ್ಡೆ, ಕಾಲು ಭಾಗ ಮೀನು. ಮಕ್ಕಳು ಅದನ್ನು ನೋಡಿ ಹಾಗೆಯೇ ಬಡಿಸಿಕೊಳ್ಳುತ್ತಿದ್ದರು. ಬಳಿಕ ಬಹುಪಾಲನ್ನು ಬಕೆಟ್ಟಿಗೆ ಸುರಿದು ಹಿಮದ ದಿಬ್ಬಕ್ಕೆ ಓಡುತ್ತಿದ್ದರು.

ಆ ಬಕೆಟ್ಟನ್ನು ಪ್ರತಿದಿನ ತೂಗಬೇಕೆಂಬ ನಿಯಮವಿತ್ತು. ಒಂದು ಜನವರಿಯಲ್ಲಿ ಪುರಸಭೆಯ ಪತ್ರ ಬಂತು: ಎಸೆಯುವ ಆಹಾರ ಅರ್ಧಕ್ಕೆ ಇಳಿಯದಿದ್ದರೆ ಅಡುಗೆಮನೆ ಮುಚ್ಚುವುದು, ಊಟ ಪಟ್ಟಣದಿಂದ ಡಬ್ಬಿಗಳಲ್ಲಿ ಬರುವುದು.

ಹಿಲ್ಕಾ ಕಣ್ಣೀರು ಹಾಕಲಿಲ್ಲ. ಮೂರು ದಿನ ಬಕೆಟ್ಟಿನ ಪಕ್ಕ ನಿಂತು ಮಕ್ಕಳ ಮುಖಗಳನ್ನು ಓದಿದಳು. ನಾಲ್ಕನೆಯ ದಿನ ಏಪ್ರನ್ ಬಿಚ್ಚದೆಯೇ ಶಿಕ್ಷಕರ ಕೋಣೆಗೆ ಬಂದು ಮುಖ್ಯೋಪಾಧ್ಯಾಯನ ಮುಂದೆ ನಿಂತಳು.

"ನೋಡು ಯಾರ್ಕೊ, ನನ್ನ ಅಡುಗೇಲಿ ತಪ್ಪಿಲ್ಲ. ಮಕ್ಕಳ ಕಣ್ಣೆಲ್ಲಾ ಕಿಟಕಿ ಮೇಲೆ. ಮೊದ್ಲು ಆಡೋಕೆ ಬಿಡು, ಆಮೇಲೆ ಊಟಕ್ಕೆ ಕೂರಿಸು."

ಒಂದನೆಯ ತರಗತಿಯ ಶಿಕ್ಷಕಿ ನಾನು, ನಾನೇ ವಿರೋಧಿಸಿದೆ. "ಒದ್ದೆ ಬಟ್ಟೆ ಬಿಚ್ಚಿಸೋಕೇ ಅರ್ಧ ಗಂಟೆ ಹೋಗತ್ತೆ. ನಿನಗೇನಮ್ಮ, ಸೌಟು ಹಿಡ್ಕೊಂಡು ನಿಂತಿರ್ತೀಯ."

"ಬಿಚ್ಚಿಸೋಕೂ ನಾನೇ ಬರ್ತೀನಿ. ಇನ್ನೇನಾದ್ರೂ ನೆಪ ಉಳಿದಿದ್ಯಾ?"

ಯಾರ್ಕೊ ನಕ್ಕು ಎರಡು ವಾರದ ಪ್ರಯೋಗಕ್ಕೆ ಒಪ್ಪಿದ.

ಮೊದಲ ದಿನ ನಾನು ಹೇಳಿದಂತೆಯೇ ಆಯಿತು. ಬಟ್ಟೆ ಬಿಚ್ಚಿಸಲು ಹಿಲ್ಕಾ ಬಂದರೂ ಕೈ ಸಾಲದೆ, ಕೈಗವಸುಗಳ ರಾಶಿಯಲ್ಲಿ ಪುಟ್ಟ ಮಕ್ಕಳು ಅಳುತ್ತ ನಿಂತರು, ಊಟ ಆರಿತು, ಬಕೆಟ್ಟು ಎಂದಿಗಿಂತ ಭಾರವಾಯಿತು.

"ಹೇಳಿರಲಿಲ್ವಾ?" ಎಂದೆ.

"ನೀನು ಹೇಳಿದ್ದೆ, ನಿಜ. ಆದ್ರೆ ಉಪಾಯ ಹೇಳಲಿಲ್ಲ," ಎಂದಳು ಹಿಲ್ಕಾ.

ಆರನೆಯ ತರಗತಿಯ ಪ್ರತಿ ಮಗುವೂ ಒಂದನೆಯ ತರಗತಿಯ ಒಂದು ಮಗುವಿಗೆ ಅಣ್ಣನೋ ಅಕ್ಕನೋ ಎಂಬಂತೆ ಜೊತೆಯಾಗಿರುವುದು ನಮ್ಮ ಶಾಲೆಗಳ ವಾಡಿಕೆ. ಅದುವರೆಗೆ ಆ ಸಂಬಂಧ ಕ್ರಿಸ್ಮಸ್ ಕಾರ್ಡಿಗಷ್ಟೇ ಸೀಮಿತವಾಗಿತ್ತು. ಮರುದಿನ ಹಿಲ್ಕಾ ಆ ದೊಡ್ಡ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿ, "ನಿಮ್ಮ ನಿಮ್ಮ ಮರೀನ ನೀವೇ ಒಳಗೆ ತನ್ನಿ," ಎಂದಳು. ಎಂಟು ನಿಮಿಷದಲ್ಲಿ ಎಲ್ಲರೂ ಮೇಜಿನಲ್ಲಿದ್ದರು, ಕೆನ್ನೆ ಕೆಂಪಾಗಿ, ಹೊಟ್ಟೆ ಹಸಿದು. ಆಟ ಆಗಲೇ ಮುಗಿದಿದ್ದರಿಂದ ಎದ್ದು ಓಡುವ ಅವಸರವಿರಲಿಲ್ಲ, ದೊಡ್ಡವರು ಕ್ಯಾರೆಟ್ ಅಗಿದಾಗ ಚಿಕ್ಕವರೂ ಅಗಿದರು. ಬಕೆಟ್ಟು ದಿನೇ ದಿನೇ ಹಗುರವಾಯಿತು.

ಪ್ರಯೋಗದ ಕೊನೆಯ ದಿನ ಗುರುವಾರ; ಫಿನ್ಲೆಂಡಿನ ರೂಢಿಯಂತೆ ಗುರುವಾರವೆಂದರೆ ಬಟಾಣಿ ಸೂಪು. ಮಕ್ಕಳು ಅತಿ ಹೆಚ್ಚು ಚೆಲ್ಲುತ್ತಿದ್ದ ಊಟ. ಅಂದೇ ಬಕೆಟ್ಟಿನ ತೂಕ ಪರೀಕ್ಷಿಸಲು ಪುರಸಭೆಯ ಅಧಿಕಾರಿ ಸಿರ್ಕು ಬಂದಳು. ಎಲ್ಲರೂ ಉಂಡ ಮೇಲೆ ಬಟ್ಟಲು ಹಿಡಿದು ಪಾತ್ರೆಯ ಬಳಿ ಹೋದಳು.

"ಸೂಪು ಎಲ್ಲಿ?"

"ಖಾಲಿ," ಎಂದಳು ಹಿಲ್ಕಾ. "ಎರಡೆರಡು ಸಲ ಹಾಕಿಸ್ಕೊಂಡ್ರು. ನೀವೂ ದಿಬ್ಬ ಹತ್ತಿ ಜಾರಿದ್ದಿದ್ರೆ, ಹಸಿದು ಸಾಲಲ್ಲಿ ಮೊದಲೇ ನಿಲ್ತಿದ್ರಿ."

ಮಕ್ಕಳು ಕೇಕೆ ಹಾಕಿದರು. ಸಿರ್ಕು ತಾನೇ ಬಕೆಟ್ಟನ್ನು ತೂಕಕ್ಕಿಟ್ಟಳು. ಮುಳ್ಳು ಹಿಂದಿನ ತೂಕದ ಕಾಲು ಭಾಗವನ್ನೂ ಮುಟ್ಟಲಿಲ್ಲ. ಅವಳು ಮತ್ತೊಮ್ಮೆ ಇಟ್ಟು ನೋಡಿದಳು, ಬಳಿಕ ಹಿಲ್ಕಾಳ ಕೈ ಕುಲುಕಿದಳು. ಅಡುಗೆಮನೆ ಉಳಿಯಿತು.

ನನ್ನ ಅಭಿಪ್ರಾಯ ತಪ್ಪಾಗಿತ್ತು. ಅದನ್ನು ಬರೆಯಲು ನನಗೆ ಸಂಕೋಚವಿಲ್ಲ. ಮುಂದಿನ ಗುರುವಾರ ಹಿಲ್ಕಾ ಉಗ್ರಾಣದಿಂದ ಎಲ್ಲಕ್ಕಿಂತ ದೊಡ್ಡ ಪಾತ್ರೆಯನ್ನು ಇಳಿಸಿದಳು. ಅದರ ಇನ್ನೊಂದು ಹಿಡಿಯನ್ನು ಹಿಡಿದು ಒಲೆಗೆ ಏರಿಸಿದವಳು ನಾನು.