ಗೆರೆಯ ಮೇಲೆ ಕತ್ತರಿ

ಇಂಡಿಯಲ್ಲಿ ನನ್ನದೊಂದು ಸಣ್ಣ ಆಸ್ಪತ್ರೆ. ಸಿಂದಗಿಯ ಟೇಲರ್ ಮಹಾದೇವಿಯವರ ಭುಜದ ಮೇಲಿನ ಗಂಟನ್ನು ಬರೀ ಕೊಬ್ಬಿನ ಗಂಟೆಂದು ತಿಳಿದು ನಾನೇ ತೆಗೆದಿದ್ದೆ. ವರ್ಷದೊಳಗೆ ಅದು ಅದೇ ಜಾಗದಲ್ಲಿ ಮತ್ತೆ ಎದ್ದಿತು. ಈ ಸಲ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ, ಅಪರೂಪದ ಕ್ಯಾನ್ಸರ್ ಎಂದು ಗೊತ್ತಾಯಿತು.

"ಗಂಟಿನ ಸುತ್ತಲಿನ ಒಳ್ಳೇ ಮಾಂಸಾನೂ ಎರಡು ಬೆರಳಗಲ ತೆಗೀಬೇಕಾಗತೈತ್ರಿ," ಎಂದೆ. ಅಳಬಹುದೆಂದು ನೀರಿನ ಗ್ಲಾಸು ಮೊದಲೇ ಅವರ ಮುಂದಿಟ್ಟಿದ್ದೆ.

ಅವರು ಅಳಲಿಲ್ಲ. "ಹೋದ ಸಲ ಗೆರಿ ಮ್ಯಾಲೇ ಕತ್ತರಿ ಆಡಿಸಿದ್ರೇನ್ರಿ, ಡಾಕ್ಟ್ರ?"

"ಹೌದ್ರಿ."

"ಸುತ್ತ ಒಂದೀಟೂ ಜಾಗಾ ಬಿಡಲಿಲ್ಲ?"

"ಇಲ್ರಿ."

"ನಮ್ಮಲ್ಲಿ ಹೊಸದಾಗಿ ಕಲಿಯಾಕ ಬಂದ ಹುಡುಗ್ಯಾರು ಹಂಗ ಮಾಡ್ತಾರ್ರಿ," ಎಂದು ನೀರಿನ ಗ್ಲಾಸನ್ನು ನನ್ನತ್ತ ಸರಿಸಿದರು.

ಆಪರೇಷನ್ನಿಗೆ ವಿಜಯಪುರದಿಂದ ಕ್ಯಾನ್ಸರ್ ಸರ್ಜನ್ ಒಬ್ಬರನ್ನು ಕರೆಸಿದೆ. ಕತ್ತರಿಸಿದ್ದು ಅವರು, ಹೊಲಿಗೆ ಹಾಕಿದ್ದು ನಾನು. ಅಂಚಿನಲ್ಲಿ ಎಲ್ಲೂ ರೋಗ ಉಳಿದಿಲ್ಲವೆಂದು ವರದಿ ಬಂತು.

ಪಟ್ಟಿ ಬಿಚ್ಚಿದ ದಿನ ಮಹಾದೇವಿಯವರು ಕನ್ನಡಿ ತರಿಸಿಕೊಂಡು ಭುಜವನ್ನು ಬಹಳ ಹೊತ್ತು ನೋಡಿದರು.

"ಕತ್ತರಿಸಿದವ್ರಿಗೆ ಕೆಲಸ ಗೊತ್ತೈತ್ರಿ. ಹೊಲಿದವ್ರು ಯಾರು?"

ಗಂಟು ಮತ್ತೆ ಬರಬಹುದು, ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು ಎಂದು ನಾನು ಬಹಳ ವಿವರವಾಗಿ ಹೇಳತೊಡಗಿದೆ.